ಕ್ಯಾಬಿನ್ನಿನ ಕಿಂಡಿಯಿಂದ ಕಂಡ ಮುಖಗಳು

ಚಿ. ಸುಮಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಕಳಿಸಿದ ಮೆಸೇಜನ್ನು ನಿನ್ನ ದೊಡ್ಡಮ್ಮ ಎರಡು ಸಲ ಓದಿ ಹೇಳಿದಳು. ಆ ಪುಟ್ಟ ಫೋನಿನಲ್ಲಿ ಒತ್ತಿ ಒತ್ತಿ ಉತ್ತರ ಬರೆಯುವುದು ನನ್ನ ಕೈಲಾಗದ ಕೆಲಸ. ಅದಕ್ಕೇ ಈ ಕಾಗದ.

ಹೆಗ್ಗೋಡಿನಲ್ಲಿ ನಾಟಕ ಕಲಿತು ಬಂದವಳಿಗೆ ಮೊದಲ ಸಿನಿಮಾ ಸಿಕ್ಕಿದೆ, ಮೂರೇ ಸೀನಾದರೂ ಸಂತೋಷ. ರಿಹರ್ಸಲ್‌ನಲ್ಲಿ 'ಓವರ್ ಆಯ್ತು, ಕಮ್ಮಿ ಮಾಡಿ' ಅಂದರಂತೆ. ಕಮ್ಮಿ ಮಾಡಿದರೆ 'ಮುಖದಲ್ಲಿ ಏನೂ ಕಾಣ್ತಿಲ್ಲ' ಅಂದರಂತೆ. ಹಾಗಾದರೆ ನಾನು ಯಾವ ಥರದ ನಟಿ ಆಗಬೇಕು ದೊಡ್ಡಪ್ಪಾ ಅಂತ ಕೇಳಿದ್ದೀಯ.

ನಾನು ಬಣ್ಣ ಹಚ್ಚಿದವನಲ್ಲ. ಟಾಕೀಸಿನಲ್ಲಿ ಮೂವತ್ತೈದು ವರ್ಷ ಪ್ರೊಜೆಕ್ಟರ್ ಓಡಿಸಿದವನು. ಆದರೂ ನನಗೊಂದು ಅನುಕೂಲ ಇತ್ತು. ನೀವೆಲ್ಲ ಒಂದು ಪಿಕ್ಚರ್ ಒಂದು ಸಲ ನೋಡುತ್ತೀರಿ. ನಾನು ದಿನಕ್ಕೆ ನಾಲ್ಕು ಆಟದಂತೆ ವಾರಗಟ್ಟಲೆ ನೋಡಿದ್ದೇನೆ. ಅದೂ ಮಾತಿಲ್ಲದೆ! ಮಷೀನಿನ ಕಟಕಟ ಸದ್ದು ಒಂದು ಕಡೆ, ಕ್ಯಾಬಿನ್ನಿಗೆ ಅಂತ ಕೊಟ್ಟಿದ್ದ ಸ್ಪೀಕರ್ ಅರ್ಧ ಕೆಟ್ಟಿದ್ದು ಇನ್ನೊಂದು ಕಡೆ. ಡೈಲಾಗ್ ಎಲ್ಲಿ ಕೇಳಬೇಕು? ಕಿಂಡಿಯಿಂದ ಮುಖಗಳು ಮಾತ್ರ ಕಾಣುತ್ತಿದ್ದವು. ವಜ್ರಮುನಿ ಒಬ್ಬರದು ಬಿಡು. ಅವರು 'ಯಲಾ ಕುನ್ನಿ' ಅಂದರೆ ಮಷೀನಿನ ಸದ್ದು ದಾಟಿ ಕೇಳುತ್ತಿತ್ತು.

ಹಾಗೆ ನೋಡಿ ನೋಡಿ ನನಗೆ ಒಂದು ವಿಷಯ ಗೊತ್ತಾಯಿತು. ಮಾತಾಡುವಾಗ ಮಾತ್ರ ನಟಿಸುವವರು ಮೂರನೇ ದಿನಕ್ಕೇ ಬೇಜಾರಾಗುತ್ತಾರೆ. ಎದುರಿನವರ ಮಾತು ಕೇಳಿಸಿಕೊಳ್ಳುವವರು ಐವತ್ತನೇ ದಿನವೂ ಬೇಜಾರಾಗುವುದಿಲ್ಲ.

ರಾಜಕುಮಾರ್ ಅವರನ್ನೇ ತಗೋ. ಗುಬ್ಬಿ ಕಂಪನಿಯ ಸ್ಟೇಜಿನಿಂದ ಬಂದವರು. ಕೊನೇ ಸಾಲಿನವನಿಗೂ ಕೇಳಬೇಕು, ಕಾಣಬೇಕು ಅನ್ನುವುದು ಅಲ್ಲಿಯ ಪಾಠ. 1954ರ 'ಬೇಡರ ಕಣ್ಣಪ್ಪ'ದಲ್ಲಿ ಆ ಸ್ಟೇಜ್ ಇನ್ನೂ ಅವರ ಮೈಯಲ್ಲಿದೆ. ಕೈ ದೊಡ್ಡದು, ಕಣ್ಣು ದೊಡ್ಡದು. 1971ರ 'ಕಸ್ತೂರಿ ನಿವಾಸ'ದ ಹೊತ್ತಿಗೆ ನೋಡು. ಯಾವತ್ತೂ ಯಾರಿಗೂ ಇಲ್ಲ ಅನ್ನದ ಮನುಷ್ಯನನ್ನು, ಈಗ ಅವನ ಹತ್ತಿರ ಇಲ್ಲದ ಪಾರಿವಾಳ ಕೊಡಿ ಅಂತ ಕೇಳುತ್ತಾರೆ. ಆ ಮಾತು ಕಿವಿಗೆ ಬೀಳುವುದು ಒಂದು, ಹೊಟ್ಟೆಗೆ ಇಳಿಯುವುದು ಇನ್ನೊಂದು. ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ. ನಾನು ಅದೆಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಹಾಗಂತ ಅವರು ಸ್ಟೇಜನ್ನು ಬಿಟ್ಟುಕೊಡಲಿಲ್ಲ ನೋಡು. ಪೌರಾಣಿಕ ಬಂದರೆ ಅದೇ ಗತ್ತು ವಾಪಸ್ ಬರುತ್ತಿತ್ತು. ನೀನು ಹೆಗ್ಗೋಡಿನಲ್ಲಿ ಕಲಿತದ್ದನ್ನೂ ಎಸೆಯಬೇಡ. ಸುಮ್ನೆ ಪೆಟ್ಟಿಗೆಯಲ್ಲಿ ಮಡಿಚಿಡು, ಬೇಕಾದಾಗ ತೆಗಿ.

ಈಗಿನವರು ಕಲ್ಪನಾ ಅವರನ್ನು 'ಓವರ್ ಆಕ್ಟಿಂಗ್' ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. 'ಶರಪಂಜರ'ದ ಕಾವೇರಿ ಹುಚ್ಚಾಸ್ಪತ್ರೆಯಿಂದ ಮನೆಗೆ ವಾಪಸ್ ಬಂದಿದ್ದಾಳೆ. ಮನೆಯವರು, ಅಕ್ಕಪಕ್ಕದವರು ಎಲ್ಲರ ಕಣ್ಣೂ ಅವಳ ಮೇಲೆ. ಅವಳು ಪುಟ್ಟ ಪುಟ್ಟದಾಗಿ ಎಲ್ಲವನ್ನೂ ಗಮನಿಸುತ್ತಾ, ನುಂಗುತ್ತಾ ಹೋಗುತ್ತಾಳೆ. ಅಷ್ಟು ನುಂಗಿದ ಮೇಲೆ ಕೂಗಿದರೆ ಅದು ಜಾಸ್ತಿ ಹೇಗಾಗುತ್ತದೆ? ಮೊದಲು ಕೇಳಿಸಿಕೊಳ್ಳದೆ ಕೂಗಿದರೆ ಮಾತ್ರ ಅದು ಓವರ್. ಆ ಪಿಕ್ಚರ್ ನೋಡುತ್ತಾ ನಾನು ಒಂದು ಸಲ ಚೇಂಜ್ ಓವರ್ ಮರೆತೆ. ರೀಲು ಮುಗಿಯುವ ಮೊದಲು ಪರದೆಯ ಮೂಲೆಯಲ್ಲಿ ಒಂದು ಚುಕ್ಕಿ ಬರುತ್ತದೆ. ಅದು ಕಂಡ ಕೂಡಲೇ ಎರಡನೇ ಮಷೀನ್ ಶುರು ಮಾಡಬೇಕು. ನಾನು ಚುಕ್ಕಿ ಬಿಟ್ಟು ಕಲ್ಪನಾ ನೋಡುತ್ತಿದ್ದೆ. ಪರದೆ ಬೆಳ್ಳಗಾಯಿತು. ಪರದೆ ಹತ್ತಿರದ ಅಗ್ಗದ ಸೀಟುಗಳಿಂದ, ಅದೇ ಗಾಂಧಿ ಕ್ಲಾಸಿನವರಿಂದ, ಸಿಳ್ಳೆ, ಬೈಗುಳ. ಮಾಲೀಕರು ಒಂದು ದಿನದ ಸಂಬಳ ಹಿಡಿದರು. ಕೊಟ್ಟೆ, ಬೇಜಾರಿಲ್ಲ.

ಪಾತ್ರದೊಳಗೆ ಮಾಯವಾಗುವವರು ಇನ್ನೊಂದು ಥರ. ಲೋಕೇಶ್ ಹಾಗೆ. 1974ರಲ್ಲಿ 'ಭೂತಯ್ಯನ ಮಗ ಅಯ್ಯು', 1978ರಲ್ಲಿ 'ಪರಸಂಗದ ಗೆಂಡೆತಿಮ್ಮ'. ನಡುವೆ ನಾಲ್ಕೇ ವರ್ಷ. ಸಾಲ ಕೊಟ್ಟು ಊರನ್ನು ಹಿಂಡಿದವನ ಮಗ ಅಯ್ಯು, ಊರೂರು ಸುತ್ತಿ ಸಾಮಾನು ಮಾರುವ ಗೆಂಡೆತಿಮ್ಮ. ಹೆಗಲೇ ಬೇರೆ, ನಡಿಗೆಯೇ ಬೇರೆ. ಶಂಕರ್ ನಾಗ್ ಇದರ ಪೂರ್ತಿ ಉಲ್ಟಾ. ಯಾವ ಪಾತ್ರಕ್ಕೆ ಬಂದರೂ ಶಂಕರ್ ನಾಗೇ ಬರಬೇಕು, ಜನಕ್ಕೆ ಬೇಕಾದದ್ದೂ ಅದೇ. ಇವತ್ತಿಗೂ ಆಟೋಗಳ ಹಿಂದೆ ಅವರ ಫೋಟೋ ಇದೆ, ಅಲ್ವಾ? ಅದನ್ನು ಯಾರೂ ಕಲಿಸೋಕಾಗಲ್ಲ. ಅದು ಜನ ಕೊಡುವುದು. ನೀನು ತಲೆ ಕೆಡಿಸಿಕೊಳ್ಳಬೇಡ.

'ತಿಥಿ'ಯ ಗಡ್ಡಪ್ಪನ ಥರ ಸಹಜವಾಗಿ ಇರಬೇಕು ಅಂತ ಬರೆದಿದ್ದೀಯ. ಅಲ್ಲಿ ಎಚ್ಚರ. ಆ ಪಿಕ್ಚರಿನವರು ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಸುತ್ತಮುತ್ತಲ ಹಳ್ಳಿಯವರು, ಕ್ಯಾಮೆರಾ ಮುಂದೆ ನಿಂತು ಅಭ್ಯಾಸವೇ ಇಲ್ಲದವರು. ಗಡ್ಡಪ್ಪ ನಡೆಯುವುದು ಅವರ ಅಷ್ಟು ವರ್ಷದ ನಡಿಗೆ. ಅದನ್ನು ನೀನು ನಕಲು ಮಾಡಿದರೆ ಫ್ಯಾನ್ಸಿ ಡ್ರೆಸ್ ಆಗುತ್ತದೆ. ನಟರು ಸಹಜವಾಗಿ ಕಾಣಬೇಕಾದರೆ ಜಾಸ್ತಿ ಕೆಲಸ ಮಾಡಬೇಕು. ಅದಕ್ಕೆ ಅನಂತ್ ನಾಗ್ ಅವರನ್ನು ನೋಡು. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಮರೆವಿನ ಕಾಯಿಲೆಯ ಮುದುಕ. ನಾನು ರಿಟೈರ್ ಆದ ಮೇಲೆ ಟಿಕೆಟ್ ತಗೊಂಡು ನೋಡಿದ್ದು. ಎದುರಿನವರ ಮಾತು ಅವರ ಮುಖ ತಲುಪುವುದಕ್ಕೆ ಅರೆ ಕ್ಷಣ ತಡ. ಆ ತಡವೇ ಕಾಯಿಲೆ. ನನ್ನ ಪಕ್ಕದಲ್ಲಿ ನಿನ್ನ ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ಪ್ರಿಂಟ್ ತುಂಡಾದರೆ ನಾವೇ ಅಂಟಿಸಬೇಕಿತ್ತು. ಆಗ ಫಿಲ್ಮನ್ನು ಬಲ್ಬಿಗೆ ಹಿಡಿದು ನೋಡುತ್ತಿದ್ದೆ. ಸೆಕೆಂಡಿಗೆ 24 ಚೌಕ. ಒಂದು ಸಲ ರೆಪ್ಪೆ ಬಡಿದರೆ ಐದಾರು ಚೌಕ ಅದಕ್ಕೇ ಹೋಗುತ್ತದೆ. ಕ್ಲೋಸಪ್ಪಿನಲ್ಲಿ ನಿನ್ನ ಕಣ್ಣು ಒಂದು ಬಾಗಿಲಿನಷ್ಟು ದೊಡ್ಡದಾಗಿ ಕಾಣುತ್ತದೆ ಮಗಾ. 'ಕಮ್ಮಿ ಮಾಡಿ' ಅಂದವರು ಬಹುಶಃ ಇದನ್ನೇ ಹೇಳಿದ್ದು. 'ಏನೂ ಕಾಣ್ತಿಲ್ಲ' ಅಂದಾಗ ನೀನು ಕೈ, ಕಣ್ಣು ಕಟ್ಟಿಹಾಕಿಕೊಂಡು, ಜೊತೆಗೆ ಕಿವಿಯನ್ನೂ ಮುಚ್ಚಿಕೊಂಡಿದ್ದೆ ಅನಿಸುತ್ತದೆ.

ಸಣ್ಣ ಪಾತ್ರ ಅಂತ ಬೇಜಾರು ಬೇಡ. ಉಮಾಶ್ರೀ ಅವರನ್ನು ವರ್ಷಗಟ್ಟಲೆ ನಗಿಸುವ ಪಾತ್ರಗಳಲ್ಲೇ ನೋಡಿದ್ದೆವು. 2008ರ 'ಗುಲಾಬಿ ಟಾಕೀಸ್'ನಲ್ಲಿ ಸಿನಿಮಾ ಹುಚ್ಚಿನ ಸೂಲಗಿತ್ತಿಯಾಗಿ ರಾಷ್ಟ್ರಪ್ರಶಸ್ತಿ ತಗೊಂಡರು. ಪರದೆ ನೋಡುವ ಗುಲಾಬಿಯ ಮುಖ ನನಗೆ ಚೆನ್ನಾಗಿ ಗೊತ್ತು. ಅಂಥ ಮುಖಗಳನ್ನು ಕಿಂಡಿಯಿಂದ ಎಷ್ಟೋ ನೋಡಿದ್ದೇನೆ.

ಈಗ ಕೆಲಸದ ಮಾತು. ನಿನ್ನ ಮೂರು ಸೀನಿನಲ್ಲಿ ಎದುರಿನವರ ಡೈಲಾಗನ್ನೂ ಬಾಯಿಪಾಠ ಮಾಡು. ಆಮೇಲೆ ಮರೆತುಬಿಡು, ಅವರು ಹೇಳಿದಾಗ ಹೊಸದಾಗಿ ಕೇಳು. ಮೊಬೈಲಿನಲ್ಲಿ ವಿಡಿಯೋ ತೆಗೆದು ಸೌಂಡ್ ಆಫ್ ಮಾಡಿ ನೋಡು. ಏನು ನಡೆಯುತ್ತಿದೆ ಅಂತ ಗೊತ್ತಾಗದಿದ್ದರೆ ಇನ್ನೊಂದು ಸಲ ಮಾಡು.

ಶೂಟಿಂಗ್ ಯಾವತ್ತು ಅಂತ ತಿಳಿಸು. ದೊಡ್ಡಮ್ಮ ಚಕ್ಕುಲಿ ಮಾಡಿ ಕಳಿಸುತ್ತಾಳಂತೆ. ಶೂಟಿಂಗ್ ಮುಗಿಯುವವರೆಗೆ ಡಬ್ಬಿ ತೆಗೆಯಬೇಡ, ಗಂಟಲು ಕಟ್ಟೀತು.

ಇಂತಿ,
ನಿನ್ನ ದೊಡ್ಡಪ್ಪ