ಬದುವಿಗೆ ಕಸದ ಎಣ್ಣಿ ಹೊಡೀಬ್ಯಾಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ಪೇಪರ್‌ನಾಗ ರೈತರ ಸುದ್ದಿ ಅಂದ್ರ ಮಾರ್ಕೆಟ್ ರೇಟು, ಬೆಳಿವಿಮೆ, ಸಾಲ, ಗೊಬ್ಬರ ಇಷ್ಟ ಬರ್ತಾವ. ಅವೂ ಬೇಕ್ರಿ, ಬ್ಯಾಡ ಅನ್ನಂಗಿಲ್ಲ, ಆದ್ರ ಹೊಲದಾಗ ಬದುಕೋದ್ರಾಗ ಏನ್ ಸುಖ ಐತಿ ಅನ್ನೋದನ್ನ ಯಾರೂ ಬರಿಯಂಗಿಲ್ಲ, ಬದುವಿಗೆ ಕಸದ ಎಣ್ಣಿ, ಅಂದ್ರ ಕಳೆನಾಶಕ, ಹೊಡ್ದು ಹೊಡ್ದು ಆ ಸುಖ ಕಣ್ಣ ಮುಂದ ಹೊಂಟೈತಿ, ಅದಕ್ಕ ಈ ಪತ್ರ.

ನಮ್ದು ಶಿರಹಟ್ಟಿ ತಾಲೂಕಿನ ಎರಿ (ಕರಿ ಮಣ್ಣಿನ) ಹೊಲ. ಹಿಂಗಾರಿ ಬಿತ್ತಿ ತಿಂಗಳಾತಂದ್ರ ಹೆಣ್ಮಕ್ಕಳೆಲ್ಲಾ ಕಡಲಿ ಕುಡಿ ಚಿವುಟಾಕ ಹೋಗ್ತೀವಿ. ಮುಂಜಾನೆ ಇಬ್ಬನಿ ಇದ್ದಾಗ ಕೈಯೆಲ್ಲಾ ಹುಳಿ ಹುಳಿ, ನಾಲಿಗಿ ಹಚ್ಚಿ ನೋಡದ ಇರಾಕ ಆಗಂಗಿಲ್ಲ. ಹಿಂದಕ ಹಿರ್ಯಾರು ರಾತ್ರಿ ಬೆಳಿ ಮ್ಯಾಲೆ ತೆಳ್ಳನ ಅರಿಬಿ ಹಾಸಿ ಮುಂಜಾನೆ ಅದನ್ನ ಹಿಂಡಿ ಆ ಹುಳಿನ ಬಾಟ್ಲಿಗೆ ತುಂಬಿಡ್ತಿದ್ರು. ಕುಡಿ ಚಿವುಟಿದ್ರ ಗಿಡ ಟೊಂಗಿ ಒಡೀತೈತಿ, ಕಾಯೂ ಜಾಸ್ತಿ ಹಿಡೀತಾವ, ಅಂದ್ರ ಪಲ್ಯಾನೂ ಆತು ಬೆಳಿಗೂ ಚೊಲೋ ಆತು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಬದುವಿನ ಮ್ಯಾಗಿನ ಹಕ್ಕರಕಿ ಅನ್ನೋ ಸೊಪ್ಪಿನ ಪಲ್ಯ ಕಿತ್ತು ತೊಳ್ದು, ಕಟಿ ರೊಟ್ಟಿ, ಗುರೆಳ್ಳ ಚಟ್ನಿ, ಕೆನಿಮೊಸರಿನ ಜೋಡಿ ಹಸೀದ ತಿನ್ನೋದು, ಅದರ ಮುಂದ ನಂಗ ಯಾವ ಹೋಟೆಲ್ ಊಟಾನೂ ಬ್ಯಾಡ. ಜೋಳ ಹಾಲುಗಾಳಾದಾಗ ಹಸಿ ತೆನಿ ಸುಟ್ಟು ಸೀತನಿ ಮಾಡೋದು ಬ್ಯಾರೆ. ಚಳಿಗಾಲದಾಗ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರ್ತಾವ, ಸುತ್ತಲ ಹೊಲಗೋಳಿಗೆ ಮೇಯಾಕ ಹೋಗೂವಾಗ ಸಾಲು ಹಿಡ್ದು ಕೂಗ್ಕೋತ ಹಾರ್ತಾವ್ರಿ, ಕೈಯಾಗಿನ ಕುರ್ಚಿಗಿ ಕೆಳಗ ಇಟ್ಟು ನೋಡ್ಬೇಕು. 2024ರಾಗ ಆ ಕೆರಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿ ಸೇರೇತಿ, ನಮಗ ಹೆಮ್ಮಿ, ಆದ್ರ ಕೆರಿ ಒಂದ ಉಳಿಸಿದ್ರ ಆತೇನ್ರಿ, ಅವು ಮೇಯೋದು ನಮ್ಮ ಹೊಲದಾಗ.

ಈಗ ಆಳು ಸಿಗಂಗಿಲ್ಲ ಅಂತ ಎಲ್ಲಾರೂ ಕಸದ ಎಣ್ಣಿ ಹೊಡ್ಯಾಕತ್ಯಾರ. ಬೆಳಿಯಾಗ ಹೊಡಿಯೋದರ ಬಗ್ಗೆ ನಾ ವಾದ ಮಾಡಂಗಿಲ್ಲ, ಕೂಲಿ ಎಷ್ಟಾಗೇತಿ ಅನ್ನೋದು ನಂಗೂ ಗೊತ್ತೈತಿ. ಬದುವಿಗ್ಯಾಕ ಹೊಡೀತೀರಿ? ಬದುವಿನ ಹುಲ್ಲ ಬೇರು ಮಣ್ಣು ಹಿಡ್ಕೊಂಡಿರ್ತೈತಿ, ಅದು ಸುಟ್ಟು ಹೋದ್ರ ಒಂದ ದೊಡ್ಡ ಮಳಿಗೆ ಎರಿ ಮಣ್ಣು ಹಳ್ಳಕ್ಕ ಹೋಗ್ತೈತಿ. ದನಕ್ಕ ಹಸಿ ಮೇವು ಇಲ್ಲ, ಬುರ್ಲಿ ಹಕ್ಕಿಗೆ ಗೂಡಿಲ್ಲ, ಬದುವಿನ ಹೂವು ಇಲ್ಲಂದ್ರ ಜೇನಿಗೂ ತ್ರಾಸ, ಸೂರ್ಯಕಾಂತಿ ಕಾಳು ಕಟ್ಟಾಕ ಜೇನು ಬೇಕಲ್ರಿ. ಎಲ್ಲಾಕಿಂತ ಹೆದರಿಕಿ ಏನಂದ್ರ, ಗ್ಲೈಫೋಸೇಟ್ ಅನ್ನೋ ಕಸದ ಎಣ್ಣಿ ಹೊಡ್ದ ಪಲ್ಯ ಅವತ್ತ ಒಣಗಂಗಿಲ್ಲ, ನಾಕೈದು ದಿನ ಹಸರಾಗೇ ಕಾಣ್ತೈತಿ, ಯಾರ ಬದುವಿಗೆ ಹೊಡ್ದಾರೋ ಯಾರದಕ್ಕ ಬಿಟ್ಟಾರೋ ಗೊತ್ತಾಗಂಗಿಲ್ಲ, ಹಿಂಗಾಗಿ ನಮ್ಮೂರ ಹೆಣ್ಮಕ್ಕಳು ಹಕ್ಕರಕಿ ಕೀಳೋದನ್ನ ಬಿಡಾಕತ್ಯಾರ. ಗ್ಲೈಫೋಸೇಟ್‌ನ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳಷ್ಟ (ಕೀಟ ನಿಯಂತ್ರಣದ ಕೆಲಸದವ್ರಷ್ಟ) ಬಳಸಬೇಕು ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಾಗ ಅಧಿಸೂಚನೆ ಹೊರಡಿಸಿತ್ತು, ಹಳ್ಳ್ಯಾಗ ಅದನ್ನ ಯಾರು ಕೇಳ್ತಾರ.

ರೈತ ಬಾಂಧವ್ರಿಗೆ ಕೈ ಮುಗ್ದು ಕೇಳ್ಕೊತೀನಿ, ಬದು ಒಂದ ಬಿಡ್ರಿ, ಕುರ್ಚಿಗಿಲೆ ಕೊಯ್ದು ದನಕ್ಕ ಹಾಕ್ರಿ. ಹೊಡಿಯಾಕ ಬೇಕಂದ್ರ ಬದುವಿನ ತುದಿಗೆ ಒಂದ ಕಟಗಿ ನೆಟ್ಟು ಕೆಂಪ ಅರಿಬಿ ಕಟ್ಟ್ರಿ, ಪಲ್ಯ ಕೀಳೋರಿಗೆ ಗೊತ್ತಾಗ್ಲಿ. ನಿಮ್ಮ ಕೃಷಿ ಪುಟದಾಗೂ ಹಿಂಗಾರಿ ಬಿತ್ತೋದ್ರೊಳಗ ಬದುವಿನ ಪಲ್ಯದ ಫೋಟೋ, ಹೆಸರು, ಮಾಡೋ ರೀತಿ ಹಾಕ್ರಿ, ನಮ್ಮ ಸಾಲಿ ಹುಡುಗ್ರಿಗೆ ಹಕ್ಕರಕಿ ಯಾವ್ದು ಅಂತನ ಗೊತ್ತಿಲ್ಲ.

– ಒಬ್ಬ ರೈತ ಹೆಣ್ಮಗಳು, ಶಿರಹಟ್ಟಿ ತಾಲೂಕು, ಗದಗ ಜಿಲ್ಲೆ