18 ತುಂಬಿದ ಮಕ್ಕಳು ಎಲ್ಲಿಗೆ ಹೋಗಬೇಕು, ಸಚಿವರೇ?

ವಿಕಲಚೇತನರ ಸಬಲೀಕರಣ ಖಾತೆಯ ಮಾನ್ಯ ಸಚಿವರಿಗೆ,

ನಮಸ್ಕಾರ. ಆಟಿಸಂ ಮತ್ತು ಬೌದ್ಧಿಕ ನ್ಯೂನತೆ ಇರುವ ಹುಡುಗ ಹುಡುಗಿಯರ ಜೊತೆ ನಾನು 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮಗು ಯಾಕೆ ಕಚ್ಚುತ್ತದೆ, ಯಾಕೆ ತಲೆ ಚಚ್ಚಿಕೊಳ್ಳುತ್ತದೆ, ಅದಕ್ಕೆ ಮೊದಲು ಏನಾಯಿತು, ಆಮೇಲೆ ಏನು ಸಿಕ್ಕಿತು ಅಂತ ಕೂತು ನೋಡಿ ಬರೆಯುವುದು ನನ್ನ ಕೆಲಸ. ಬಿಹೇವಿಯರ್ ಅನಲಿಸ್ಟ್ ಅಂತಾರೆ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ನಾನು ‘ಸಹಾಯಕಿ’.

ಇಷ್ಟು ದಿನ ಸುಮ್ನಿದ್ದೆ. ಮೊನ್ನೆ ನಡೆದದ್ದು ನೋಡಿದ ಮೇಲೆ ಆಗಲಿಲ್ಲ.

ಒಬ್ಬ ಹುಡುಗನಿದ್ದಾನೆ. ಪುಟ್ಟ ಅಂತ ಇಟ್ಟುಕೊಳ್ಳಿ. 19 ವರ್ಷ, ಮೀಸೆ ಬಂದಿದೆ, ಅವರಮ್ಮನಿಗಿಂತ ಒಂದು ಅಡಿ ಎತ್ತರ. ಮಾತಿಲ್ಲ, ಚಿತ್ರದ ಕಾರ್ಡ್ ತೋರಿಸಿ ನೀರು, ಊಟ, ಬಾತ್‌ರೂಮು ಕೇಳುತ್ತಾನೆ. 18 ತುಂಬಿತು ಅಂತ ವಿಶೇಷ ಶಾಲೆಯಿಂದ ಬಿಡಿಸಿದರು. ಆರು ತಿಂಗಳಲ್ಲಿ ಅವರಮ್ಮನ ಫೋನ್ ಬಂತು. ‘ಮೇಡಂ, ದಿನಾ ಬೆಳಿಗ್ಗೆ ಗೋಡೆಗೆ ತಲೆ ಚಚ್ಚಿಕೊಳ್ತಾನೆ. ಹಿಡಿಯೋಕೆ ಹೋದ್ರೆ ಕಚ್ತಾನೆ.’ ದೃಷ್ಟಿ ತೆಗೆಸಿದ್ದರು, ತಾಯಿತ ಕಟ್ಟಿಸಿದ್ದರು, ಮಾತ್ರೆ ಎರಡು ಸಲ ಜಾಸ್ತಿ ಮಾಡಿಸಿದ್ದರು.

ಹತ್ತು ದಿನ ಅವರ ಮನೆಯ ಮೂಲೆಯಲ್ಲಿ ಕೂತು ಚೀಟಿ ಬರೆದೆ. ಹತ್ತರಲ್ಲಿ ಎಂಟು ದಿನ ಒಂದೇ ಹೊತ್ತು, 8.40. ಉಳಿದೆರಡು ದಿನ ಏನೂ ಇಲ್ಲ. ಒಂದು ಭಾನುವಾರ, ಇನ್ನೊಂದು ಯಾವುದೋ ರಜೆ. ಎಂಟೂವರೆಗೆ ಅವನು ಮೊಳೆಗೆ ನೇತುಹಾಕಿದ ಬ್ಯಾಗು ತೆಗೆದು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ಶಾಲೆಯ ವ್ಯಾನು ಅದೇ ಬೀದಿಗೆ ಬರುತ್ತದೆ, ಇನ್ನೊಂದು ಮಗುವನ್ನು ಹತ್ತಿಸಿಕೊಳ್ಳುವುದಕ್ಕೆ. ಹಾರ್ನ್ ಹೊಡೆಯುತ್ತದೆ. ಮುಂದಕ್ಕೆ ಹೋಗುತ್ತದೆ. ಇವನು ಬ್ಯಾಗು ಹಾಕಿಕೊಂಡೇ ಗೋಡೆಗೆ ತಲೆ ಕೊಡುತ್ತಾನೆ.

ಕಾರಣ ಸಿಕ್ಕಿತು. ಆ ಹೊತ್ತಿಗೆ ಹಿತ್ತಲಿಗೆ ಕರೆದುಕೊಂಡು ಹೋಗಿ ಗಿಡಕ್ಕೆ ನೀರು ಹಾಕಿಸಿ ಅಂದೆ. ಸ್ವಲ್ಪ ಕಮ್ಮಿ ಆಯಿತು. ಆದರೆ ಅವನಿಗೆ ಬೇಕಿರುವುದು ಹೋಗುವುದಕ್ಕೆ ಒಂದು ಜಾಗ ಸ್ವಾಮಿ. ಅದನ್ನು ನಾನೆಲ್ಲಿಂದ ತರಲಿ? ತರಬೇಕಾದವರು ನೀವು.

ಇದರ ಮಧ್ಯೆ ಅವನ ಮಾಸಾಶನ ನಿಂತಿತು. 15 ವರ್ಷ ಆದಾಗ ಆಧಾರ್‌ಗೆ ಹೊಸದಾಗಿ ಬೆರಳಚ್ಚು ಕೊಡಬೇಕಿತ್ತು, ಕೊಟ್ಟಿಲ್ಲ, ಅದಕ್ಕೇ ಅಂದರು. ಪುಟ್ಟ ಗುರುತಿಲ್ಲದವರಿಗೆ ಬೆರಳು ಕೊಡುವುದಿಲ್ಲ. ಎರಡು ವಾರ ಮನೆಯಲ್ಲೇ ಅಭ್ಯಾಸ ಮಾಡಿಸಿದೆವು. ಹಳೆಯ ಸೋಪಿನ ಡಬ್ಬಿಗೆ ಕೆಂಪು ಕಾಗದ ಅಂಟಿಸಿ, ಅದರ ಮೇಲೆ ಬೆರಳಿಡು, ಒಂದು ಎಣಿಸುವ ತನಕ, ಆಮೇಲೆ ಎರಡು, ಆಮೇಲೆ ಐದು. ಪ್ರತಿ ಸಲಕ್ಕೂ ಒಂದು ಕಡಲೆ ಬೀಜ. ಹದಿಮೂರನೇ ದಿನ ಐದು ಎಣಿಸುವ ತನಕ ಅಲ್ಲಾಡದೆ ಇಟ್ಟ. ಅವರಮ್ಮ ಅತ್ತುಬಿಟ್ಟರು. ನಾನೂ.

ಕಚೇರಿಗೆ ಹೋದೆವು. ಯಾವ ಕಚೇರಿ ಅಂತ ಬರೆಯುವುದಿಲ್ಲ, ಹೆಚ್ಚು ಕಡಿಮೆ ಎಲ್ಲ ಕಡೆ ಇದೇ ಕತೆ. ಎರಡನೇ ಮಹಡಿ, ಲಿಫ್ಟ್ ಕೆಟ್ಟಿದೆ. ಮೂರು ಗಂಟೆ ಸಾಲಿನಲ್ಲಿ ನಿಂತೆವು. ಕಡಲೆ ಬೀಜ ಖಾಲಿಯಾಯಿತು. ಕೌಂಟರಿಗೆ ಬಂದಾಗ ‘ಸರ್ವರ್ ಇಲ್ಲ, ನಾಳೆ ಬನ್ನಿ.’ ಪುಟ್ಟ ಆಗಲೇ ಬೆರಳು ಚಾಚಿದ್ದ. ಮಷಿನ್ ಮೇಲಿಡಲು ಬಿಡದೆ ಇದ್ದಾಗ ಕಿರುಚಿದ, ಕೂತ, ಅವರಮ್ಮನ ಮುಂಗೈ ಕಚ್ಚಿದ. ರಕ್ತ ಬಂತು. ಕೌಂಟರಿನ ಮನುಷ್ಯ ತಲೆ ಎತ್ತದೆ ಹೇಳಿದ್ದು ಇದು: ‘ಇಂಥವ್ರನ್ನ ಕಟ್ಟಿ ಹಾಕ್ಕೊಂಡು ಕರ್ಕೊಂಡ್ಬರ್ಬೇಕಮ್ಮ.’

ಬೆರಳಚ್ಚು ಕೊಡಲಾಗದವರಿಗೆ ವಿನಾಯಿತಿ ಇದೆ. ನಿಯಮ ನಿಮಗೆ ಗೊತ್ತೇ ಇದೆ. ಆಧಾರ್ ಕೇಂದ್ರ ಸರ್ಕಾರದ್ದು, ನನ್ನದಲ್ಲ ಅನ್ನಬೇಡಿ. ಕೌಂಟರ್ ಇರುವುದು ನಿಮ್ಮ ಸರ್ಕಾರದ ಕಟ್ಟಡದಲ್ಲಿ, ಮಾಸಾಶನ ನಿಂತದ್ದು ನಿಮ್ಮ ಸರ್ಕಾರದ್ದು.

ನನಗೆ ಬೇಕಾದದ್ದು ಒಂದೇ. 18 ದಾಟಿದವರಿಗೆ ತಾಲೂಕಿಗೊಂದು ಹಗಲು ಕೇಂದ್ರ ಕೊಡಿ. ಅಲ್ಲಿ ವರ್ತನೆ ನೋಡಿಕೊಳ್ಳುವ ಒಬ್ಬರನ್ನು ನೇಮಿಸಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದಾಗ ನಾವೆಲ್ಲ ಸಿಹಿ ಹಂಚಿದವರು. 7 ಇದ್ದ ಅಂಗವೈಕಲ್ಯಗಳ ಪಟ್ಟಿ 21 ಆಯಿತು, ಆಟಿಸಂ ಸೇರಿತು. 31ನೇ ಸೆಕ್ಷನ್ ಪ್ರಕಾರ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ. ಸರಿ. 18 ವರ್ಷ ಒಂದು ದಿನ ಆದವನು ಏನು ಮಾಡಬೇಕು? ಆಟಿಸಂ ಅವತ್ತು ವಾಸಿಯಾಗುತ್ತಾ? ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ವಿಕಾಸ್ ಯೋಜನೆ 10 ದಾಟಿದವರ ಹಗಲು ಆರೈಕೆಗೆ ಅಂತಲೇ ಬಂದದ್ದು. ನಮ್ಮ ತಾಲೂಕಿನಲ್ಲಿ ಅಂಥದ್ದು ಒಂದೂ ಇಲ್ಲ. ಬೆಂಗಳೂರಲ್ಲಿ ಖಾಸಗಿ ಇವೆ, ಗಂಟೆ ಲೆಕ್ಕದಲ್ಲಿ ದುಡ್ಡು. ಪುಟ್ಟನ ಅಮ್ಮ ಹೂ ಕಟ್ಟಿ ಮಾರುತ್ತಾರೆ.

ನನ್ನ ಕೆಲಸದ ವಿಷಯವನ್ನೂ ಹೇಳಿಬಿಡುತ್ತೇನೆ. ವಿಕಲಚೇತನರ ಜೊತೆ ಕೆಲಸ ಮಾಡುವವರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿ ಸ್ಪೀಚ್ ಥೆರಪಿಸ್ಟ್ ಇದ್ದಾರೆ, ವಿಶೇಷ ಶಿಕ್ಷಕರಿದ್ದಾರೆ. ನಮ್ಮ ಹೆಸರಿಲ್ಲ. ಮೊದಲು ಬಿಹೇವಿಯರ್ ಅನಲಿಸ್ಟ್‌ಗಳಿಗೆ ಅಂತಲೇ ಇರುವ ಅಮೆರಿಕದ ಮಂಡಳಿಯ ಪರೀಕ್ಷೆ ಬರೆದು ಸರ್ಟಿಫಿಕೇಟ್ ತಗೊಳ್ಳಬಹುದಿತ್ತು. 2023ರಿಂದ ಇಲ್ಲಿರುವವರ ಹೊಸ ಅರ್ಜಿ ಅವರೂ ತಗೊಳ್ಳುತ್ತಿಲ್ಲ. ಆ ಪಟ್ಟಿಯಲ್ಲಿ ಹೆಸರೇ ಇಲ್ಲದ ಕೆಲಸಕ್ಕೆ ಯಾರು ಬೇಕಾದರೂ ಬೋರ್ಡ್ ಹಾಕಬಹುದು, ಹಾಕಿದ್ದಾರೆ ಕೂಡ. ಮಕ್ಕಳನ್ನು ಗಿಳಿ ಮಾಡ್ತೀರಿ ಅಂತ ಕೆಲವರು ನಮ್ಮನ್ನು ಬಯ್ಯುತ್ತಾರೆ. ಅದರಲ್ಲಿ ನಿಜ ಇಲ್ಲದಿಲ್ಲ. ‘ಕಣ್ಣಲ್ಲಿ ಕಣ್ಣಿಟ್ಟು ನೋಡು’ ಅಂತ ದಿನವಿಡೀ ಒತ್ತಾಯ ಮಾಡುವ ಸೆಂಟರ್‌ಗಳನ್ನು ನಾನೇ ಕಂಡಿದ್ದೇನೆ. ತಪಾಸಣೆ ಮಾಡುವವರು ಬೇಕಲ್ವಾ? ಅದಕ್ಕೆ ಮೊದಲು ಹುದ್ದೆ ಬೇಕು, ಅರ್ಹತೆ ಏನು ಅಂತ ನಿಗದಿಯಾಗಬೇಕು. ನನ್ನ ಸಂಬಳ ನಾಲ್ಕು ತಿಂಗಳಿಂದ ಬಂದಿಲ್ಲ. ಅನುದಾನ ಬಂದಿಲ್ಲವಂತೆ. ಹೋಗಲಿ ಬಿಡಿ.

ಪ್ರತಿ ಡಿಸೆಂಬರ್ 3ಕ್ಕೆ ನಮ್ಮ ಮಕ್ಕಳನ್ನು ಶಾಮಿಯಾನದ ಕೆಳಗೆ ಕೂರಿಸಿ ಕಿವಿ ಹರಿಯುವಷ್ಟು ಮೈಕು ಹಾಕುತ್ತೀರಿ. ಅರ್ಧ ಮಕ್ಕಳು ಕಿವಿ ಮುಚ್ಚಿಕೊಂಡೇ ಇರುತ್ತವೆ. ಮರುದಿನ ಪೇಪರಿನಲ್ಲಿ ಫೋಟೋ, ‘ಸಂಭ್ರಮಿಸಿದ ವಿಶೇಷ ಮಕ್ಕಳು’. ಆ ಒಂದು ದಿನದ ಶಾಮಿಯಾನದ ದುಡ್ಡು ಕೊಡಿ, ಹಗಲು ಕೇಂದ್ರಕ್ಕೆ ಒಂದು ತಿಂಗಳ ಬಾಡಿಗೆ ನಾನು ಕಟ್ಟಿ ತೋರಿಸುತ್ತೇನೆ.

ಇನ್ನೊಂದು ಸಲ ಹೇಳುತ್ತೇನೆ. ತಾಲೂಕಿಗೊಂದು ಹಗಲು ಕೇಂದ್ರ. ಅದರಲ್ಲಿ ನಮ್ಮ ಕೆಲಸಕ್ಕೆ ಒಂದು ಹುದ್ದೆ. ಬೆಳಿಗ್ಗೆ 8.40ಕ್ಕೆ ಪುಟ್ಟನ ಮನೆ ಮುಂದೆ ನಿಲ್ಲುವ ಒಂದು ವ್ಯಾನು.

‘ತಮ್ಮ ಮನವಿಯನ್ನು ಸೂಕ್ತ ಕ್ರಮಕ್ಕಾಗಿ ರವಾನಿಸಲಾಗಿದೆ’ ಅನ್ನುವ ಉತ್ತರ ಮಾತ್ರ ಕಳಿಸಬೇಡಿ. ಅಂಥವು ನನ್ನ ಹತ್ತಿರ ಆಗಲೇ ಮೂರಿವೆ.

ಇಂತಿ,
ಹಾಜರಿ ಪುಸ್ತಕದ ಒಬ್ಬ ಸಹಾಯಕಿ