ಗೇಟಿನಾಚೆ ನಿಂತಿದ್ದವಳ ಪತ್ರ

ಮಗಳೇ,

ಮೊನ್ನೆ ಫೋನಿನಲ್ಲಿ ನೀನು "ಇನ್ನು ಚರ್ಚಿಗೆ, ಪೂಜೆಗೆ ಹೋಗಲ್ಲಮ್ಮ" ಅಂದಾಗ ನಾನು "ಸರಿ, ಮಲಗು" ಅಂದುಬಿಟ್ಟೆ. ಬೇಸರವಾಗಿರಬೇಕು ನಿನಗೆ. ಆಗಲೇ ಬಾಯಿಬಿಟ್ಟಿದ್ದರೆ ಜಗಳವಾಗುತ್ತಿತ್ತು, ನನ್ನ ನಾಲಗೆ ನಿನಗೆ ಗೊತ್ತಲ್ಲ. ಅದಕ್ಕೇ ಈ ಪತ್ರ.

ಮೊದಲು ಅವತ್ತು ಪೂಜೆಯಲ್ಲಿ ಫಾದರ್ ಮಾಡಿದ ಆ ಪ್ರಬೋಧನೆಯ ವಿಷಯ. ಮೈಕಿನ ಮುಂದೆ ನಿಂತವರು ಸಲಿಂಗಿಗಳ ಬಗ್ಗೆ ತಮಾಷೆ ಮಾಡಿದರು, ಜನ ನಕ್ಕರು, ನಿನ್ನ ಪಕ್ಕದಲ್ಲಿದ್ದ ಗೆಳೆಯ ತಲೆ ತಗ್ಗಿಸಿದ. ನೀನು ಅವನ ಕೈಹಿಡಿದು ಎದ್ದು ಬಂದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ "ಚರ್ಚಿನ ಬೋಧನೆಯೇ ಹಾಗೆ" ಅಂದೆಯಲ್ಲ, ಅದು ಅರ್ಧ ಮಾತು. ಚರ್ಚಿನ ಬೋಧನೆಯನ್ನೆಲ್ಲ ಒಟ್ಟುಗೂಡಿಸಿದ 1992ರ ಧರ್ಮೋಪದೇಶ ಗ್ರಂಥ ಸಲಿಂಗ ಸಂಬಂಧವನ್ನು ಒಪ್ಪುವುದಿಲ್ಲ, ನಿಜ. ಅದೇ ಗ್ರಂಥದ 2358ನೇ ಪರಿಚ್ಛೇದ ಇಂಥವರನ್ನು ಗೌರವ, ಅನುಕಂಪ, ಸೂಕ್ಷ್ಮತೆಯಿಂದ ಬರಮಾಡಿಕೊಳ್ಳಬೇಕು, ಅನ್ಯಾಯದ ತಾರತಮ್ಯದ ಸುಳಿವೂ ಸುಳಿಯಬಾರದು ಅನ್ನುತ್ತದೆ. ಅಂದಮೇಲೆ ಅವತ್ತು ಚರ್ಚಿನ ಬೋಧನೆಯನ್ನು ಮೀರಿದವರ ಪಟ್ಟಿಯಲ್ಲಿ ಆ ಫಾದರ್ ಹೆಸರೂ ಇರಬೇಕಾಯಿತು!

ಈಗ ನಿನಗೆ ಯಾವತ್ತೂ ಹೇಳದ್ದನ್ನು ಹೇಳುತ್ತೇನೆ. ನಿನ್ನನ್ನು ಭಾನುವಾರ ಧರ್ಮೋಪದೇಶದ ತರಗತಿಗೆ ಬಿಟ್ಟು ನಾನು ಗೇಟಿನಾಚೆ ನಿಲ್ಲುತ್ತಿದ್ದೆ, ನೆನಪಿದೆಯಾ? ತಲೆನೋವು ಅನ್ನುತ್ತಿದ್ದೆ. ತಲೆನೋವಲ್ಲ. ನಿನ್ನ ತಮ್ಮ ಹುಟ್ಟಿದ ಮೇಲೆ ಇನ್ನೊಂದು ಹೆರಿಗೆ ನನ್ನ ಜೀವಕ್ಕೇ ಅಪಾಯ ಅಂದಿದ್ದರು ಡಾಕ್ಟರು. ಫಾದರ್ ಹತ್ತಿರ ಪಾಪ ಹೇಳಿಕೊಳ್ಳುವ ಪಾಪನಿವೇದನೆಯಲ್ಲಿ, ಚರ್ಚು ಒಪ್ಪದ ಗರ್ಭನಿರೋಧದ ಮಾತೆತ್ತಿದೆ. ಜಾಲರಿಯ ಆಚೆಯಿಂದ ಬೈಗುಳ ಬಂತು, ಹೊರಗಿನ ಸಾಲಿನಲ್ಲಿದ್ದವರಿಗೂ ಕೇಳಿಸುವಷ್ಟು. ಮೂರು ವರ್ಷ ಒಳಗೆ ಕಾಲಿಡಲಿಲ್ಲ.

ಆ ಮೂರು ವರ್ಷದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಇದೇ ಪ್ರಶ್ನೆಗೆಂದು ವ್ಯಾಟಿಕನ್ ಒಂದು ಆಯೋಗ ಮಾಡಿತ್ತು, ಅದರಲ್ಲಿ ಮದುವೆಯಾದ ದಂಪತಿಗಳೂ ಇದ್ದರು, 1966ರಲ್ಲಿ ಅದರ ಬಹುಮತ ಬೋಧನೆ ಬದಲಾಗಬಹುದು ಎಂದಿತ್ತು. ಎರಡು ವರ್ಷದ ನಂತರ ಪೋಪ್ ಆರನೇ ಪೌಲ್ ಆ ಸಲಹೆ ಒಪ್ಪದೆ ಹಳೆಯ ಬೋಧನೆಯನ್ನೇ ಎತ್ತಿಹಿಡಿದರು. ಇದನ್ನು ತಿಳಿದು ನಾನು ಗೆದ್ದೆ ಅಂತೇನಲ್ಲ, ಬೋಧನೆ ಇವತ್ತಿಗೂ ಅದೇ. ಆದರೆ ನನ್ನ ಪ್ರಶ್ನೆ ಹುಚ್ಚು ಪ್ರಶ್ನೆಯಾಗಿರಲಿಲ್ಲ, ನನಗಿಂತ ಬಲ್ಲವರೂ ಅದನ್ನು ಹೊತ್ತುಕೊಂಡು ಕೂತಿದ್ದರು ಎಂದು ಗೊತ್ತಾಯಿತು. ಅಷ್ಟು ಸಾಕಿತ್ತು ಆಗ.

ಹಿಂದಿರುಗಿ ಬಂದದ್ದು ಓದಿನಿಂದಲ್ಲ. ತೀರಿಕೊಂಡ ಯಾರದೋ ವರ್ಷಾಂತ್ಯದ ಪೂಜೆಗೆಂದು ಬೇರೊಂದು ಚರ್ಚಿಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಿದ್ದೆ. ಪೂಜೆಯಲ್ಲಿ ಬೈಬಲ್ ವಾಚನ ಓದಬೇಕಿದ್ದಾಕೆಗೆ ಗಂಟಲು ಕಟ್ಟಿತ್ತು. ಬೆಂಚಿನಿಂದ ಬೆಂಚಿಗೆ ಹುಡುಕುತ್ತಾ ಬಂದು ನನ್ನ ಮುಂದೆ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಕನ್ನಡಕ ತಂದಿದ್ದೀರಾ?" ತಂದಿದ್ದೆ. ಓದಿದೆ. ಮುಂದಿನ ವಾರವೂ ಬನ್ನಿ ಅಂದರು. ಎಷ್ಟೋ ತಿಂಗಳ ಮೇಲೆ ಅಲ್ಲಿನ ಫಾದರ್ ಹತ್ತಿರ ಹಳೆಯದನ್ನೆಲ್ಲ ಹೇಳಿಕೊಂಡೆ. ನೀನು ಮಾಡಿದ್ದೇ ಸರಿ ಅನ್ನಲಿಲ್ಲ ಅವರು. ಚರ್ಚು ಏನು ಹೇಳುತ್ತದೋ ಅದನ್ನೇ ಮೆಲ್ಲಗೆ ಹೇಳಿದರು. ಹೇಳುವ ಮೊದಲು "ಈಗ ಆರೋಗ್ಯ ಹೇಗಿದೆ?" ಅಂತ ಕೇಳಿದ್ದರು. ಮೊದಲನೆಯವರು ಕೇಳದೆ ಬಿಟ್ಟದ್ದು ಅದೊಂದೇ.

ನಿನಗೆ ಬೇಕಾದದ್ದು ಇಂಥ ಧರ್ಮಕೇಂದ್ರ, ಅಂದರೆ ಇಂಥ ಚರ್ಚು, ಇಂಥ ಜನ. ನೀನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಜಾಗ ಹುಡುಕಬೇಡ. ಸಿಕ್ಕರೂ ಅದು ನಿನ್ನಂಥವರದೇ ಕ್ಲಬ್ಬಾಗಿರುತ್ತದೆ, ಎರಡು ತಿಂಗಳಿಗೆ ಬೇಜಾರು ಬರುತ್ತದೆ. ಒಪ್ಪದಿರುವುದನ್ನು ಮುಚ್ಚಿಡದೆ ಮೊಣಕಾಲೂರಲು ಆಗುವ ಜಾಗ ನೋಡು.

ಹುಡುಕಲು ನಿನಗೆ ಹಕ್ಕಿದೆ. ವಾಸದ ವಿಳಾಸದ ಮೇಲೆ ನೀನು ಒಂದು ಧರ್ಮಕೇಂದ್ರಕ್ಕೆ ಸೇರುತ್ತೀಯ, ಆದರೆ ಭಾನುವಾರದ ಬಲಿಪೂಜೆಯನ್ನು ಯಾವ ಕಥೋಲಿಕ ಚರ್ಚಿನಲ್ಲಿ ಬೇಕಾದರೂ ಪೂರೈಸಬಹುದು. ಪಾಪನಿವೇದನೆಗೆ ಗುರುಗಳನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಚರ್ಚಿನ ಕಾನೂನೇ ಕೊಟ್ಟಿದೆ, 991ನೇ ವಿಧಿ. ಇದು ನನಗೆ ಆಗಲೇ ಗೊತ್ತಿದ್ದರೆ ಮೂರು ವರ್ಷ ಗೇಟು ಕಾಯುತ್ತಿರಲಿಲ್ಲ.

ಭಾನುವಾರ ಎಲ್ಲ ಚರ್ಚೂ ಅಲಂಕಾರ ಮಾಡಿಕೊಂಡಿರುತ್ತದೆ. ವಾರದ ಮಧ್ಯದ ಪೂಜೆಗೆ ಹೋಗು, ಹತ್ತೋ ಇಪ್ಪತ್ತೋ ಜನ ಇರುವಾಗ. ಮಗು ಅತ್ತರೆ ಎಷ್ಟು ತಲೆ ತಿರುಗುತ್ತವೆ ನೋಡು. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಯಾರ ಹೆಸರು ಬರುತ್ತದೆ, ಯಾರದು ಬರುವುದೇ ಇಲ್ಲ ಕೇಳಿಸಿಕೋ. ಪೂಜೆ ಮುಗಿದ ಮೇಲೆ ಒಂಟಿಯಾಗಿ ನಿಂತವರ ಬಳಿ ಯಾರಾದರೂ ಬರುತ್ತಾರಾ? ಆಮೇಲೆ ಒಂದು ದಿನ ಗುರುಗಳ ಹತ್ತಿರವೇ ಹೋಗಿ, "ಫಾದರ್, ಇಂಥಿಂಥದ್ದು ನನಗೆ ಒಪ್ಪಲಾಗುತ್ತಿಲ್ಲ, ಇಲ್ಲಿ ನನಗೇನಾದರೂ ಕೆಲಸ ಇದೆಯಾ?" ಅಂತ ಕೇಳು. ಉತ್ತರಕ್ಕಿಂತ ಮುಖ ನೋಡು. ಅವರು ಒಳ್ಳೆಯವರೆಂದು ಅವರಿಗೇ ಅಂಟಿಕೊಳ್ಳಬೇಡ, ವರ್ಗವಾಗಿ ಹೋಗುತ್ತಾರೆ. ಬೆಂಚುಗಳಲ್ಲಿ ಕೂತವರು ಅಲ್ಲೇ ಇರುತ್ತಾರೆ.

ಇನ್ನೊಂದು ಮಾತು, ಇದು ನಿನಗೆ ಹಿಡಿಸದು. ಮನಸ್ಸಾಕ್ಷಿ ಅಂದರೆ ಮನಸ್ಸಿಗೆ ಬಂದದ್ದಲ್ಲ. 1875ರಲ್ಲಿ ಇಂಗ್ಲೆಂಡಿನ ಕಥೋಲಿಕ ಗುರು ನ್ಯೂಮನ್ ಬರೆದಿದ್ದರು, ಪಾನಗೋಷ್ಠಿಯಲ್ಲಿ ಪೋಪರ ಹೆಸರಿಗೆ ಲೋಟ ಎತ್ತುತ್ತೇನೆ, ಆದರೆ ಮೊದಲು ಮನಸ್ಸಾಕ್ಷಿಗೆ ಅಂತ. ಆ ಮಾತು ಬರೆದವರನ್ನು ಚರ್ಚು 2019ರಲ್ಲಿ ಸಂತರೆಂದು ಘೋಷಿಸಿತು. ಈ ಮಾತನ್ನು ನಿನ್ನ ವಯಸ್ಸಿನವರು ಬಹಳ ಇಷ್ಟಪಡುತ್ತಾರೆ. ಆದರೆ ಸ್ವಂತ ಇಷ್ಟವನ್ನೇ ಮನಸ್ಸಾಕ್ಷಿ ಎಂದು ಕರೆಯುವುದನ್ನು ನ್ಯೂಮನ್ ಅದೇ ಬರಹದಲ್ಲಿ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದಾರೆ. ನನ್ನದೇ ಉದಾಹರಣೆ ತಗೋ. 2018ರಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶ ಗ್ರಂಥ ತಿದ್ದಿಸಿ ಮರಣದಂಡನೆ ಸಲ್ಲದು ಎಂದಾಗ ನಾನು ಅಡುಗೆಮನೆಯಲ್ಲಿ ಕೂಗಾಡಿದ್ದೆ. ಕೆಲವರನ್ನು ನೇಣಿಗೇ ಹಾಕಬೇಕು ಅನ್ನುವುದು ನನ್ನ ಮನಸ್ಸಾಕ್ಷಿ ಅಂದುಕೊಂಡಿದ್ದೆ. ಅದು ಸಿಟ್ಟು ಅಂತ ಅರಿವಾಗಲು ಬಹಳ ಕಾಲ ಹಿಡಿಯಿತು. ಭಿನ್ನಾಭಿಪ್ರಾಯದಲ್ಲಿ ಪ್ರತಿಸಲವೂ ನಾವೇ ಮುಂದೆ, ಚರ್ಚು ಹಿಂದೆ ಅಂತ ಇರುವುದಿಲ್ಲ ಮಗಳೇ. ಗರ್ಭನಿರೋಧದ ವಿಷಯದಲ್ಲಿ ನಾನಿನ್ನೂ ಕದಲಿಲ್ಲ. ಹೆಂಗಸರಿಗೆ ಫಾದರ್ ಆಗುವ ಗುರುದೀಕ್ಷೆ ಯಾಕಿಲ್ಲ ಅನ್ನುವುದಕ್ಕೆ ಕೊಡುವ ಕಾರಣ ನನಗಿನ್ನೂ ಗಂಟಲಲ್ಲಿ ಇಳಿದಿಲ್ಲ. ಹಾಗಿದ್ದೂ ಪ್ರತಿ ಶನಿವಾರ ಸಂಜೆ ಕನ್ನಡಕ ಒರೆಸಿಕೊಂಡು ವಾಚನಕ್ಕೆ ಹೋಗುತ್ತೇನೆ.

ನಿನ್ನ ಹೆಸರು ದೀಕ್ಷಾಸ್ನಾನ ಕೊಡಿಸಿದ ಚರ್ಚಿನ ದೊಡ್ಡ ಪುಸ್ತಕದಲ್ಲಿದೆ. ನೀನು ಎಲ್ಲೇ ದೃಢೀಕರಣ ಸಂಸ್ಕಾರ ಪಡೆದರೂ, ಎಲ್ಲೇ ಮದುವೆಯಾದರೂ ಸುದ್ದಿ ಅಲ್ಲಿಗೇ ಹೋಗಿ ಅದೇ ಸಾಲಿನ ಪಕ್ಕ ದಾಖಲಾಗುತ್ತದೆ. ಹೊಸ ಧರ್ಮಕೇಂದ್ರದಲ್ಲಿ ಹೆಸರು ಬರೆಸುವಾಗ ಪ್ರಮಾಣಪತ್ರ ಕೇಳಬಹುದು ಅಂತ ಅದರ ಒಂದು ಪ್ರತಿ ತರಿಸಿ ಇದರ ಜೊತೆ ಇಟ್ಟಿದ್ದೇನೆ. ಬಳಸು, ಇಲ್ಲ ಡ್ರಾಯರಿನಲ್ಲಿ ಹಾಕಿಡು. ನಿನ್ನ ಗೆಳೆಯನಿಗೆ ನಾನು ಕೇಳಿದೆ ಅಂತ ಹೇಳು, ರಜೆಯಲ್ಲಿ ಅವನನ್ನೂ ಕರೆದುಕೊಂಡು ಬಾ.

ಅಮ್ಮ